ಭಂಡಾರ ಮುಟ್ಟಿದ ಕೈ

ಸಾವರವಾಡಿ ಗ್ರಾಮ ಪಂಚಾಯಿತಿಗೆ ಹದಿನೈದು ಮಂದಿ ಸದಸ್ಯರು. ಅಧ್ಯಕ್ಷರನ್ನು ಇಳಿಸಬೇಕೆಂದರೆ ಅವರಲ್ಲಿ ಮೂರನೇ ಎರಡು ಪಾಲು, ಅಂದರೆ ಹತ್ತು ಮಂದಿ, ಸಹಾಯಕ ಆಯುಕ್ತರ ಎದುರು ಕೈ ಎತ್ತಬೇಕು. ವೈಜಿನಾಥ ಪಾಟೀಲನ ಹತ್ತಿರ, ಅವನನ್ನೂ ಹಿಡಿದು, ಸರಿಯಾಗಿ ಹತ್ತು ಕೈ ಇದ್ದವು. ಹತ್ತನೆಯದು ಭೀಮನಗರದ ಧಮ್ಮಪಾಲನದು.

ಉಳಿದವರನ್ನು ಪಾಟೀಲ ಒಬ್ಬೊಬ್ಬರನ್ನಾಗಿ ಒಲಿಸಿಕೊಂಡಿದ್ದ. ಧಮ್ಮಪಾಲನನ್ನು ಒಲಿಸುವ ಪ್ರಸಂಗವೇ ಬರಲಿಲ್ಲ. ಅವನು ತಾನಾಗಿ ನಡೆದು ಬಂದ. ಅಧ್ಯಕ್ಷೆ ಕೌಸಲ್ಯಾಬಾಯಿ ಕುರ್ಚಿ ಬಿಟ್ಟು ಏಳುವುದನ್ನು ನೋಡುವ ಹಸಿವು ಪಾಟೀಲನಿಗಿಂತ ಅವನಿಗೇ ಜೋರಾಗಿತ್ತು.

ಔರಾದ ತಾಲೂಕಿನ ಆ ಊರು ಇಳಿಜಾರಿನ ಮೇಲೆ ಕೂತಿದೆ. ಎಲ್ಲಕ್ಕಿಂತ ಮೇಲೆ ಪಾಟೀಲರ ಓಣಿ, ನಡುವೆ ಬಜಾರು ಮತ್ತು ಮಸೀದಿ ಓಣಿ, ಎಲ್ಲಕ್ಕಿಂತ ಕೆಳಗೆ ಭೀಮನಗರ. ಊರ ಗಟಾರದ ನೀರು ಭೀಮನಗರಕ್ಕೆ ಇಳಿಯುತ್ತದೆ. ಕುಡಿಯುವ ನೀರು ಮಾತ್ರ ಇಳಿಯುವುದಿಲ್ಲ. ಟಾಕಿಯಿಂದ ಬಂದ ಪೈಪು ಬಜಾರಿನ ಕಟ್ಟೆಯ ಹತ್ತಿರ ಒಂದು ನಳದಲ್ಲಿ ಮುಗಿಯುತ್ತದೆ. ಭೀಮನಗರದ ಹೆಂಗಸರು ಕೊಡ ಹಿಡಿದು ಕಲ್ಲಿನ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು. ಬಜಾರಿನವರು ತುಂಬಿಕೊಂಡ ಮೇಲೆ ತುಂಬಿಕೊಳ್ಳಬೇಕು. ಕಟ್ಟೆಯ ಮೇಲೆ ಕೂತ ಗಂಡಸರ ಕಣ್ಣ ಮುಂದೆ ಅದನ್ನು ಹೊತ್ತು ಇಳಿಯಬೇಕು. ಧಮ್ಮಪಾಲ ಔರಾದಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಸುತ್ತಲ ಹಳ್ಳಿಗಳ ಸುಟ್ಟುಹೋದ ಪಂಪುಗಳೆಲ್ಲ ಅವನ ಕೈಯಲ್ಲಿ ಮತ್ತೆ ನೀರೆತ್ತುತ್ತಿದ್ದವು. ಅವನ ತಾಯಿ ಸಖುಬಾಯಿ, ಮಂಡಿ ಹಿಡಿದುಕೊಂಡು, ದಿನಾ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ನಳ ತರುತ್ತೇನೆ ಎಂಬ ಒಂದೇ ಮಾತಿನ ಮೇಲೆ ಅವನು ಚುನಾವಣೆಗೆ ನಿಂತಿದ್ದ, ಗೆದ್ದಿದ್ದ.

ನಳದ ಕೆಲಸ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿಯೂ ಇತ್ತು. ಕೌಸಲ್ಯಾಬಾಯಿ ಅದನ್ನು ತೆಗೆಸಿದಳು. ಆ ಜಾಗದಲ್ಲಿ ತನ್ನ ಮೈದುನ ಮಾರಾಟಕ್ಕಿಟ್ಟಿದ್ದ ಪ್ಲಾಟುಗಳಿಗೆ ಹೋಗುವ ಸಿಸಿ ರಸ್ತೆ ಹಾಕಿಸಿದಳು. ಸಾಮಾನ್ಯ ಸಭೆಯಲ್ಲಿ ಧಮ್ಮಪಾಲ ಎದ್ದು ನಿಂತು ಕೇಳಿದ. ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಉತ್ತರ ಕೊಟ್ಟಳು.

“ನಿಮ್ಮ ಓಣಿಗೆ ನೀರು ಬ್ಯಾರೆ ಯಾಕ ಒಯ್ಯಬೇಕೋ ಧಮ್ಮಪಾಲ? ಊರ ನೀರೆಲ್ಲ ಹರಿದು ನಿಮ್ಮ ಕಡಿಗೇ ಬರ್ತದಲ್ಲ.”

ಸಭೆ ನಕ್ಕಿತು. ನಕ್ಕವರಲ್ಲಿ ವೈಜಿನಾಥ ಪಾಟೀಲನೂ ಇದ್ದ. ಅದನ್ನು ಧಮ್ಮಪಾಲ ಮರೆತಿರಲಿಲ್ಲ. ಆದರೆ ಮಾತು ಆಡಿದವಳ ಮೇಲಿನ ಸಿಟ್ಟು ನಕ್ಕವನ ಮೇಲಿನ ಸಿಟ್ಟಿಗಿಂತ ದೊಡ್ಡದಾಗಿತ್ತು.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಕೌಸಲ್ಯಾಬಾಯಿಯನ್ನು ತಂದು ಕೂರಿಸಿದವನೇ ಪಾಟೀಲ. ಮೊದಲೊಂದು ವರ್ಷ ಅವಳು ಅವನು ತೋರಿಸಿದಲ್ಲಿ ಸಹಿ ಮಾಡಿದಳು. ಆಮೇಲೆ ಪಂಚಾಯಿತಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಟೀಲನಿಗೆ ಹೊರಗಿನ ಬೆಂಚು ತೋರಿಸಿದಳು. ಬೀದರಿನ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿ ನಡೆಸುವ, ಲಾರಿಗಟ್ಟಲೆ ತೊಗರಿ ಉದ್ದು ಕೊಂಡು ಮಾರುವ ಮನುಷ್ಯ ತನ್ನ ಊರಿನ ಪಂಚಾಯಿತಿಯ ಬೆಂಚಿನ ಮೇಲೆ ಕಾಯುವುದೆಂದರೆ ಆಗುವ ಮಾತಲ್ಲ. ಅವಳನ್ನು ಇಳಿಸಿ ತನ್ನ ಅತ್ತಿಗೆ, ಸದಸ್ಯೆ ವಿಮಲಾಬಾಯಿಯನ್ನು ಕೂರಿಸುವ ಏರ್ಪಾಟು ಮಾಡಿದ. ವಿಮಲಾಬಾಯಿ ಕೂತ ಮೊದಲ ಸಭೆಯಲ್ಲೇ ಭೀಮನಗರದ ಪೈಪು ಮಂಜೂರಾಗುತ್ತದೆ ಎಂದು ಧಮ್ಮಪಾಲನಿಗೆ ಮಾತು ಕೊಟ್ಟ. ಧಮ್ಮಪಾಲ ತನ್ನ ಮಾತು ಕೊಟ್ಟ. ಅಲ್ಲಿಗೆ ವ್ಯವಹಾರ ಮುಗಿದಿತ್ತು. ಮುಗಿಯಬೇಕಿತ್ತು.

ಅವಿಶ್ವಾಸದ ನೋಟಿಸು ಬಿದ್ದ ಮೇಲೆ ಸದಸ್ಯರನ್ನು ಊರಲ್ಲಿ ಬಿಡುವ ಪದ್ಧತಿ ಈ ಕಡೆ ಇಲ್ಲ. ಗಾಂಧಿ ಗಂಜಿನ ಅಂಗಡಿ ಮುಂದೆ ಕ್ರೂಸರ್ ಗಾಡಿ ನಿಂತಿತು. ಒಂಬತ್ತೂ ಜನ ಹತ್ತಿದರು. ಮಹಿಳಾ ಸದಸ್ಯರ ಜೊತೆ ಅವರ ಗಂಡಂದಿರು ಬೇರೆ ಹತ್ತಿದರು. ಎಲ್ಲರ ಮೊಬೈಲುಗಳನ್ನು ಪಾಟೀಲನ ಭಾವಮೈದುನ ಒಂದು ಬಟ್ಟೆ ಚೀಲಕ್ಕೆ ಹಾಕಿಕೊಂಡ. ಮೊದಲು ಬೀದರಿನಲ್ಲೇ ಒಂದು ಲಾಡ್ಜು, ಆಮೇಲೆ ಭಾಲ್ಕಿಯ ಹೊರಗೆ ಆ ಭಾವಮೈದುನನ ತೋಟದ ಮನೆ. ಹೊತ್ತಿಗೆ ಸರಿಯಾಗಿ ರೊಟ್ಟಿ, ಖಾರದ ಪಲ್ಯ, ದಿನ ಬಿಟ್ಟು ದಿನ ಕುರಿ ಮಾಂಸ. ಊಟಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ವಿಶ್ವಾಸಕ್ಕೆ. ಒಬ್ಬ ಕಡ್ಡಿಪುಡಿ ತರಲು ಗೇಟಿನ ಕಡೆ ಹೋದರೆ ಇನ್ನೊಬ್ಬ ಹಿಂದೆಯೇ ಹೋಗುತ್ತಿದ್ದ. ಇಸ್ಪೀಟು ಆಡುತ್ತ ಕೂತವರು ಎಲೆ ನೋಡುವುದಕ್ಕಿಂತ ಪಕ್ಕದವನ ಮುಖ ನೋಡುವುದೇ ಹೆಚ್ಚು. ಕೌಸಲ್ಯಾಬಾಯಿಯ ಕಡೆಯವರು ಯಾರಿಗೆ ಎಷ್ಟು ಆಸೆ ತೋರಿಸಿದ್ದಾರೆ ಎಂಬ ಸುದ್ದಿ ದಿನಕ್ಕೊಂದು ಬರುತ್ತಿತ್ತು, ಬಂದ ಸುದ್ದಿಯನ್ನೆಲ್ಲ ಪಾಟೀಲ ನಂಬುತ್ತಿದ್ದ.

ಅವನಿಗೆ ನಿದ್ದೆ ಕೆಟ್ಟಿತು. ಸಭೆ ಹತ್ತಿರ ಬರುತ್ತಿದ್ದಂತೆ ಒಂದು ಮುಂಜಾನೆ ಎಲ್ಲರನ್ನೂ ಮತ್ತೆ ಗಾಡಿಗೆ ತುಂಬಿ ಗುಡ್ಡದ ಮೇಲಿನ ಮಲ್ಲಯ್ಯನ ಗುಡಿಗೆ ಕರೆದೊಯ್ದ.

ಗುಡಿಯ ಅಂಗಳದಲ್ಲಿ ಪೂಜಾರಿ ತಟ್ಟೆ ತುಂಬ ಭಂಡಾರ ತಂದಿಟ್ಟ. ಭಂಡಾರವೆಂದರೆ ದೇವರ ಮುಂದಿನ ಅರಿಶಿಣ ಪುಡಿ. ಈ ಸೀಮೆಯಲ್ಲಿ ಅದನ್ನು ಎತ್ತಿ ಆಡಿದ ಮಾತು ಕೋರ್ಟಿನಲ್ಲಿ ಬರೆದುಕೊಟ್ಟ ಮಾತಿಗಿಂತ ಗಟ್ಟಿ. ಮುರಿದವನ ಮನೆ ಉಳಿಯುವುದಿಲ್ಲ ಎನ್ನುತ್ತಾರೆ; ಮುರಿದು ಕೆಟ್ಟವರ ಕತೆ ಪ್ರತಿ ಊರಿನಲ್ಲೂ ಒಂದೆರಡು ಇರುತ್ತವೆ. ಸದಸ್ಯರು ಒಬ್ಬೊಬ್ಬರಾಗಿ ಬಂದರು, ಚಿಟಿಕೆ ಎತ್ತಿದರು, ಕೌಸಲ್ಯಾಬಾಯಿಯ ವಿರುದ್ಧ ಕೈ ಎತ್ತುತ್ತೇನೆಂದು ಆಣೆ ಮಾಡಿದರು, ಹಣೆಗೆ ಹಚ್ಚಿಕೊಂಡು ಸರಿದರು. ಪಾಟೀಲನ ಭಾವಮೈದುನ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಮಸೀದಿ ಓಣಿಯ ಸದಸ್ಯ ಅಯ್ಯುಬ ಮೆಟ್ಟಿಲ ಕೆಳಗೇ ಚಪ್ಪಲಿ ಕಾಯುವವನಂತೆ ನಿಂತುಬಿಟ್ಟಿದ್ದ. ತಾವು ಅಲ್ಲಾನ ಹೆಸರು ಬಿಟ್ಟು ಇನ್ನೊಂದರ ಮೇಲೆ ಕಸಮ್ ತಗೊಳ್ಳುವುದಿಲ್ಲ, ಜುಬಾನ್ ಕೊಟ್ಟಾಗಿದೆ, ಅದಕ್ಕಿಂತ ಹೆಚ್ಚಿನದು ತನ್ನ ಹತ್ತಿರ ಇಲ್ಲ ಎಂದು ಅಲ್ಲಿಂದಲೇ ಹೇಳಿದ. ಪಾಟೀಲ ತಲೆಯಾಡಿಸಿ ಒಪ್ಪಿಕೊಂಡ.

ಧಮ್ಮಪಾಲನಿಗೆ ಸಮಾಧಾನವಾಯಿತು. ತನ್ನದೂ ಅಷ್ಟೇ, ಮಾತು ಕೊಟ್ಟಾಗಿದೆ ಎಂದು ಅವನೂ ಹೇಳಿದ.

ಪಾಟೀಲ ತಟ್ಟೆಯನ್ನು ಅವನ ಎದೆಯ ಮಟ್ಟಕ್ಕೆ ಹಿಡಿದ. “ಅಯ್ಯುಬ ಭಾಯಿದು ಬ್ಯಾರೆ. ಅವರ ದೇವರೇ ಬ್ಯಾರೆ. ನಿಂದು ಹಂಗಲ್ಲೋ ತಮ್ಮಾ. ನಿಮ್ಮ ಮುತ್ಯಾ ಭಂಡಾರದ ಚೀಲ ಕೊಳ್ಳಾಗ ಹಾಕ್ಕೊಂಡು ಇಂಥ ಮೆಟ್ಟಲ ಕೆಳಗ ನಿಂದರ್ತಿದ್ದ. ನಮ್ಮ ಮುತ್ಯಾ ಕಣ್ಣಾರೆ ನೋಡ್ಯಾನ. ಹೆಸರು ಬದಲಿ ಮಾಡಿದ್ರ ರಗತ ಬದಲಿ ಆಗ್ತದೇನು?”

“ಪಾಟೀಲ್ರೇ, ನಾ ಬರಂಗಿಲ್ಲ ಅಂದಿದ್ದೆನೇನು? ನಾನೇ ಬಂದೇನಿ.”

“ತಾನೇ ಬಂದಾಂವ ತಾನೇ ಹೋಗ್ತಾನ. ನಿಮ್ಮ ನಳ ಈ ತಟ್ಟ್ಯಾಗ ಅದ. ಎತ್ತಿದ್ರ ಎತ್ತು, ಇಲ್ಲಾ ಕೌಸಲ್ಯಾನ ಮನಿಗಿ ಹೋಗಿ ಚಾ ಕುಡಿ.”

ಒಂಬತ್ತು ಮಂದಿ ನೋಡುತ್ತಿದ್ದರು. ಅವರ ಹಣೆಗಳೆಲ್ಲ ಹಳದಿಯಾಗಿದ್ದವು, ಅಯ್ಯುಬನದೊಂದನ್ನು ಬಿಟ್ಟು. ಧಮ್ಮಪಾಲ ಊರಿನ ಬುದ್ಧ ವಿಹಾರದಲ್ಲಿ ಹುಣ್ಣಿಮೆಗೊಮ್ಮೆ ವಂದನೆ ಹೇಳಿಸುವವನು. ಈ ದೇವರುಗಳನ್ನು ಪೂಜಿಸುವುದಿಲ್ಲ ಎಂಬ ಬೌದ್ಧ ದೀಕ್ಷೆಯ ಪ್ರತಿಜ್ಞೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಅವನು ಆ ಹೊತ್ತಿನಲ್ಲಿ ಹಾಕಿದ ಲೆಕ್ಕ ಹೀಗಿತ್ತು: ನಂಬಿದವನಿಗೆ ಇದು ದೇವರು, ನಂಬದವನಿಗೆ ಬರೀ ಅರಿಶಿಣ. ಬರೀ ಅರಿಶಿಣವನ್ನು ಎತ್ತುವುದರಲ್ಲಿ ಏನು ಹೋಯಿತು? ಅವ್ವ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಅವನು ಚಿಟಿಕೆ ಎತ್ತಿದ, ಹೇಳಬೇಕಾದ್ದನ್ನು ಹೇಳಿದ. ಕೈ ಒರೆಸಿಕೊಳ್ಳುವಷ್ಟರಲ್ಲಿ ಪಾಟೀಲ ತಾನೇ ಮುಂದೆ ಬಂದು ಅವನ ಹಣೆಗೆ ಅಡ್ಡಲಾಗಿ ಮೂರು ಬೆರಳು ಎಳೆದುಬಿಟ್ಟ.

ಅಲ್ಲಿಗಾದರೂ ಪಾಟೀಲ ನಿಲ್ಲಬೇಕಿತ್ತು. ಆದರೆ ಹತ್ತು ಜನ ಗಟ್ಟಿಯಾಗಿದ್ದಾರೆಂದು ಕೌಸಲ್ಯಾಬಾಯಿಗೆ ಗೊತ್ತಾಗಬೇಕು, ಅವಳು ಸಭೆಗೆ ಮೊದಲೇ ನಡುಗಬೇಕು ಎಂಬ ಆಸೆ ಅವನಿಗೆ. ಆ ವಿಡಿಯೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಸಿದ. ಎಲ್ಲರದನ್ನೂ ಹಾಕಲಿಲ್ಲ. ಧಮ್ಮಪಾಲನದೊಂದನ್ನೇ ಹಾಕಿದ, ಯಾಕೆಂದರೆ ಊರಲ್ಲಿ ಎಲ್ಲರಿಗೂ ಅನುಮಾನ ಇದ್ದದ್ದು ಅವನ ಮೇಲೆಯೇ.

ಸಂಜೆ ಮನೆಯವರೊಂದಿಗೆ ಮಾತಾಡಲು ಮೊಬೈಲು ಕೊಡುತ್ತಿದ್ದರು, ಸ್ಪೀಕರ್ ಹಾಕಿ ಎಲ್ಲರೆದುರು ಮಾತಾಡಬೇಕೆಂಬ ಕರಾರಿನ ಮೇಲೆ. ಧಮ್ಮಪಾಲನ ಹೆಂಡತಿ ಪ್ರಣಾಲಿ ಔರಾದಿನ ಒಂದು ಸಾಲೆಯಲ್ಲಿ ಶಿಕ್ಷಕಿ. ಗಂಡ ಊಟವಾಯಿತೇ ಎಂದು ಕೇಳಿದ.

“ಹಣಿ ತೊಳಕೊಂಡ್ರೇನ್ರಿ?” ಎಂದಳು.

ಇಸ್ಪೀಟಿನ ಎಲೆಗಳ ಸಪ್ಪಳ ನಿಂತಿತು.

“ಸಾಲ್ಯಾಗ ಹುಡುಗುರು ಮಧ್ಯಾನದಿಂದ ನನ್ನ ಹಣಿ ನೋಡ್ಲತ್ತಾರ. ನಿಮಗ ಗೊತ್ತಿರ್ಲಿ ಅಂತ ಹೇಳ್ದೆ. ಇಡ್ತೇನಿ.”

ಯಾರೋ ಕಿಸಕ್ಕನೆ ನಕ್ಕರು. ಧಮ್ಮಪಾಲನಿಗೆ ಮೊದಲು ಅರ್ಥವಾಗಲಿಲ್ಲ; ಪಾಟೀಲನೇ ಮುಚ್ಚುಮರೆಯಿಲ್ಲದೆ ತನ್ನ ಮೊಬೈಲು ತೆಗೆದು ತೋರಿಸಿದ. ಪರದೆಯ ಮೇಲೆ ಧಮ್ಮಪಾಲ ಭಂಡಾರ ಎತ್ತುತ್ತಿದ್ದ, ಅವನ ಹಣೆಯ ಮೇಲೆ ಬೆರಳುಗಳು ಗೆರೆ ಎಳೆಯುತ್ತಿದ್ದವು, ಮತ್ತೆ ಮೊದಲಿನಿಂದ ಎತ್ತುತ್ತಿದ್ದ. ಕೆಳಗೆ ಊರಿನವರು ಬರೆದ ಮಾತುಗಳು. ಮಲ್ಲಯ್ಯ ತನ್ನವರನ್ನು ಬಿಡುವುದಿಲ್ಲ ಎಂದು ಒಬ್ಬ. ಮನೆ ಬಿಟ್ಟು ಹೋದ ದನ ಸಂಜೆಗೆ ದೊಡ್ಡಿಗೆ ಬಂತು ಎಂದು ಇನ್ನೊಬ್ಬ. ಅದನ್ನು ಬರೆದವನು ಕೌಸಲ್ಯಾಬಾಯಿಯ ಕಡೆಯವನು. ಅದಕ್ಕೆ ನಗುವ ಮುಖ ಹಾಕಿದವರಲ್ಲಿ ಎರಡೂ ಕಡೆಯವರು ಇದ್ದರು.

ಇದನ್ನು ಯಾಕೆ ಹಾಕಿದಿರಿ ಎಂದು ಧಮ್ಮಪಾಲ ಕೇಳಿದ.

“ಯಾಕ ಅಂದ್ರ, ಇನ್ನ ನೀ ಎಲ್ಲೂ ಹೋಗಂಗಿಲ್ಲ,” ಎಂದ ಪಾಟೀಲ. “ನಿಂಗ ಹೊಟ್ಟಿ ನೋವು ಬರ್ಲಿ, ಜ್ವರ ಬರ್ಲಿ, ಕೌಸಲ್ಯಾ ಬಂದು ಕಾಲಿಗಿ ಬೀಳ್ಲಿ. ಅವತ್ತು ನಿನ್ನ ಕೈ ಮ್ಯಾಲ ಏಳ್ತದ. ನೀ ಎತ್ತದಿದ್ರ ಮಲ್ಲಯ್ಯ ಎತ್ತಸ್ತಾನ.”

ಅವನು ಅದನ್ನು ಹೆದರಿಸಲೆಂದು ಹೇಳಿರಲಿಲ್ಲ. ಪಾಟೀಲ ಎಂಥವನೇ ಇರಲಿ, ಭಂಡಾರದ ವಿಷಯದಲ್ಲಿ ಸೋಗು ಹಾಕಿದವನಲ್ಲ. ನಿಜವಾಗಿಯೂ ನಂಬಿದ್ದ. ಅದಕ್ಕೇ ಅಂದಿನಿಂದ ಧಮ್ಮಪಾಲನ ಮೇಲಿನ ಕಾವಲು ತೆಗೆದ, ಚೀಲದಿಂದ ಅವನ ಮೊಬೈಲು ತೆಗೆದು ಅವನಿಗೇ ಕೊಟ್ಟ.

ಮರುದಿನ ಮಧ್ಯಾಹ್ನ ತೋಟದ ಗೇಟಿನ ಹತ್ತಿರ ಆಟೋ ನಿಂತಿತು. ಸಖುಬಾಯಿ ಇಳಿದಳು, ಹಿಂದಿನಿಂದ ಸುಶೀಲಕುಮಾರ, ಅಂಚೆ ಇಲಾಖೆಯಿಂದ ನಿವೃತ್ತರಾಗಿ ಈಗ ವಿಹಾರದ ಸಮಿತಿ ನೋಡಿಕೊಳ್ಳುತ್ತಿದ್ದವರು. ಔರಾದಿನಿಂದ ಭಾಲ್ಕಿಗೆ ಬಸ್ಸಿನಲ್ಲಿ ಬಂದಿದ್ದರು. ಪಾಟೀಲ ಬೇವಿನ ಮರದ ಕೆಳಗಿನ ಹೊರಸಿನ ಮೇಲಿಂದ ಏಳದೆಯೇ, ಬರ್ರಿ ಬರ್ರಿ, ಚಾ ಕುಡೀರಿ ಎಂದ. ಇಬ್ಬರೂ ಚಹಾ ಬೇಡವೆಂದರು, ಕೂರಲೂ ಇಲ್ಲ.

ಸುಶೀಲಕುಮಾರ ಮಿತವಾಗಿ ಮಾತಾಡುವ ಮನುಷ್ಯ. ಓಟು ಯಾರಿಗೆ ಹಾಕಬೇಕೆಂದು ಹೇಳಲು ಸಮಿತಿ ಬಂದಿಲ್ಲ, ಅದು ಧಮ್ಮಪಾಲನ ಹಕ್ಕು, ರಾಜೀನಾಮೆ ಕೇಳಲೂ ಬಂದಿಲ್ಲ ಎಂದರು. ಆದರೆ ಈ ಹುಣ್ಣಿಮೆಯಿಂದ ವಂದನೆಯನ್ನು ಬೇರೆಯವರು ಹೇಳಿಸುತ್ತಾರೆ. ಅಷ್ಟು ಹೇಳಿ, ತಮ್ಮ ಪಾಲಿನ ಕೆಲಸ ಮುಗಿಯಿತೆಂಬಂತೆ ಹೋಗಿ ಆಟೋದ ಪಕ್ಕ ನಿಂತರು.

ಸಖುಬಾಯಿ ಮಗನ ಹಣೆ ನೋಡಿದಳು. ಅಲ್ಲಿ ಈಗ ಏನೂ ಇರಲಿಲ್ಲ.

“ಬರೇ ಅರಿಶಿಣ ಯವ್ವಾ,” ಎಂದ ಧಮ್ಮಪಾಲ. “ಅದ್ರಾಗ ಏನದ?”

“ಬ್ಯಾಳಿಗಿ ಹಾಕೋ ಅರಿಶಿಣ ನಂಗ ಗೊತ್ತಿಲ್ಲೇನು? ಅದು ಬ್ಯಾರೆ, ಇದು ಬ್ಯಾರೆ.”

ಬೇರೆ ಹೇಗೆಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಧಮ್ಮಪಾಲನ ಮುತ್ಯಾನ, ಅಂದರೆ ಅಜ್ಜನ, ಅಕ್ಕನನ್ನು, ಇನ್ನೂ ಲಂಗ ತೊಡುವ ವಯಸ್ಸಿನಲ್ಲಿ, ಭಂಡಾರ ಹಚ್ಚಿ ದೇವರಿಗೆ ಬಿಟ್ಟಿದ್ದರು. ಬಿಟ್ಟ ಹುಡುಗಿ ಊರೂರು ತಿರುಗಿ, ಯಾವುದೋ ಜಾತ್ರೆಯ ಬಯಲಿನಲ್ಲಿ, ತನ್ನವರು ಯಾರೂ ಹತ್ತಿರವಿಲ್ಲದೆ ಸತ್ತಳು. ಮುತ್ಯಾ ದೀಕ್ಷೆ ತಗೊಂಡು ಬಂದ ದಿನ ಜಗುಲಿಯ ಮೇಲಿದ್ದ ಬೆಳ್ಳಿಯ ದೇವರುಗಳನ್ನು ಬುಟ್ಟಿಯಲ್ಲಿ ತುಂಬಿ ಮಾಂಜ್ರಾ ಹೊಳೆಗೆ ಚೆಲ್ಲಿ ಬಂದ. ಈ ಮನೆಯ ಹಣೆಗೆ ಇನ್ನು ಅದು ಹತ್ತಬಾರದು ಎಂದ. ಸೊಸೆಯಾಗಿ ಬಂದ ಸಖುಬಾಯಿಗೆ ಅತ್ತೆ ಮೊದಲ ದಿನ ಹೇಳಿಕೊಟ್ಟದ್ದು ಒಲೆಯ ಕೆಲಸವಲ್ಲ, ಈ ಕತೆ.

ಹೊರಸಿನ ಮೇಲಿಂದ ಪಾಟೀಲ ನಡುವೆ ಬಾಯಿ ಹಾಕಿದ. ಹಳೇ ದೇವರು, ಒಮ್ಮೆ ಎತ್ತಿದ್ದಕ್ಕೆ ಮುದುಕಿ ಇಷ್ಟು ಯಾಕೆ ಮಾಡಬೇಕು, ನಳ ಬಂದ ಮೇಲೆ ಆರಾಮ ಕೂತುಕೊಳ್ಳಲಿ ಎಂದ.

ಸಖುಬಾಯಿ ಅವನ ಕಡೆ ತಿರುಗಲೂ ಇಲ್ಲ. ಮಗನಿಗೇ ಕೇಳಿದಳು.

“ಅವತ್ತು ನೀ ಕೈ ಎತ್ತಿದಿ ಅಂದ್ರ ಊರು ಏನಂತದ? ಸಖೂನ ಮಗ ಎತ್ತಿದ ಅಂತದೇನು? ಭಂಡಾರ ಎತ್ತಿಸ್ತು ಅಂತದ. ಹೌದಿಲ್ಲೋ?”

“ಕೌಸಲ್ಯಾಬಾಯಿ ಉಳದ್ರ ನಳ ಬರಂಗಿಲ್ಲ ಯವ್ವಾ. ನೀನೇ ಹೊರಬೇಕಾಗ್ತದ.”

“ಇಷ್ಟು ವರ್ಷ ನಾನೇ ಹೊತ್ತೇನಿ. ನೀ ಹೊತ್ತಿದ್ದಿಯೇನು?”

ರೊಟ್ಟಿಯ ಗಂಟನ್ನು ಮಗನ ಕೈಯಲ್ಲಿಟ್ಟು ಅವಳು ಹೊರಟಳು. ಆಟೋ ಹತ್ತುವಾಗ ಮಂಡಿ ಹಿಡಿದುಕೊಂಡಳು. ಸುಶೀಲಕುಮಾರ ಕೈ ಕೊಡಲು ಬಂದರೆ ಬೇಡವೆಂದಳು.

ಮುದುಕಿ ಗಟ್ಟಿ ಇದ್ದಾಳೆ ಎಂದು ಪಾಟೀಲ ನಕ್ಕ. ಧಮ್ಮಪಾಲ ರೊಟ್ಟಿಯ ಗಂಟು ಹಿಡಿದು ಅಲ್ಲೇ ನಿಂತಿದ್ದ. ತಾನು ಹಾಕಿದ ಲೆಕ್ಕದಲ್ಲಿ ತಪ್ಪೆಲ್ಲಿತ್ತು ಎಂಬುದು ಅವನಿಗೆ ಈಗ ಕಂಡಿತು. ಬರೀ ಅರಿಶಿಣವಾದರೆ ಎತ್ತುವುದರಲ್ಲಿ ಏನೂ ಇಲ್ಲ, ನಿಜ. ಹಾಗಾದರೆ ಮುರಿಯುವುದರಲ್ಲೂ ಏನೂ ಇರಬಾರದು. ಎತ್ತಿ, ಆಮೇಲೆ ಹೇಳಿದಂತೆ ನಡೆದುಕೊಂಡರೆ ಅದು ಅರಿಶಿಣವಲ್ಲ, ದೇವರೇ. ಅವನು ಏನೇ ಹೇಳಿಕೊಳ್ಳಲಿ, ಊರು ನೋಡುವುದು ಎತ್ತಿದ ಕೈಯನ್ನು. ಅದನ್ನು ಬರೀ ಅರಿಶಿಣ ಮಾಡಲು ಉಳಿದದ್ದು ಒಂದೇ ದಾರಿ, ಅದೇ ಕೌಸಲ್ಯಾಬಾಯಿಯ ಕುರ್ಚಿ ಉಳಿಸುವ ದಾರಿಯೂ ಆಗಿತ್ತು.

ಹೊರಸಿನ ಹತ್ತಿರ ಬಂದು ಹೇಳಿದ: “ಪಾಟೀಲ್ರೇ, ನೀವು ಸುಮ್ಕಿದ್ದಿದ್ರ ನನ್ನ ಕೈ ನಿಮ್ದೇ ಇತ್ತು.”

“ಈಗೂ ನಂದೇ ಅದ,” ಎಂದ ಪಾಟೀಲ, ಕಣ್ಣು ಮುಚ್ಚಿಕೊಂಡು.

ಸಭೆಯ ದಿನ ಸಾವರವಾಡಿಯ ಪಂಚಾಯಿತಿ ಕಟ್ಟಡದ ಮುಂದೆ ಪೊಲೀಸ್ ಜೀಪು ನಿಂತಿತ್ತು. ಕ್ರೂಸರ್ ಗಾಡಿ ನೇರ ಬಾಗಿಲಿಗೆ ಬಂತು. ಬಜಾರಿನ ಕಟ್ಟೆಯ ಮೇಲೆ ಕಾಲು ಇಡಲು ಜಾಗವಿರಲಿಲ್ಲ. ಒಳಗೆ ಬೀದರಿನಿಂದ ಬಂದ ಸಹಾಯಕ ಆಯುಕ್ತರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ಕೌಸಲ್ಯಾಬಾಯಿ ಎಡಕ್ಕೆ ತನ್ನ ನಾಲ್ವರ ಜೊತೆ ಸಾಮಾನ್ಯ ಸದಸ್ಯರ ಸಾಲಿನಲ್ಲಿದ್ದಳು. ಅವಳ ಮುಖ ಬಾಡಿತ್ತು. ಬೀಗದ ಕೈ ಮಾತ್ರ ಇನ್ನೂ ಸೊಂಟದಲ್ಲಿತ್ತು. ಧಮ್ಮಪಾಲ ಒಳಗೆ ಬಂದಾಗ ಅವಳ ಕಣ್ಣು ಅವನ ಹಣೆಯ ಮೇಲೆ ಹೋಗಿ, ಹಾಗೇ ಕೆಳಗಿಳಿಯಿತು.

ಸಹಾಯಕ ಆಯುಕ್ತರು ಹಾಜರಿ ನೋಡಿದರು, ನೋಟಿಸು ಓದಿದರು, ಈ ನಿರ್ಣಯದ ಮೇಲೆ ಚರ್ಚೆಗೆ ಅವಕಾಶವಿಲ್ಲವೆಂದು ಹೇಳಿದರು. ಪರವಾಗಿರುವವರು ಕೈ ಎತ್ತಬೇಕು ಎಂದರು.

ಪಾಟೀಲನ ಕೈ ಮೊದಲು ಎದ್ದಿತು. ಆಮೇಲೆ ಉಳಿದವು. ಜುಬಾನ್ ಕೊಟ್ಟ ಅಯ್ಯುಬನದೂ ಎದ್ದಿತು. ಧಮ್ಮಪಾಲ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡು ಕೂತಿದ್ದ. ಎದುರಿಗೆ ಕೌಸಲ್ಯಾಬಾಯಿ. ಅವಳ ಆ ಮಾತು, ಅಂದು ಸಭೆ ನಕ್ಕ ನಗು, ಎಲ್ಲ ಕಿವಿಯಲ್ಲಿತ್ತು. ಕೈ ಎತ್ತಬೇಕೆಂಬ ಆಸೆ ಅವನ ಭುಜದಲ್ಲಿ ನೋವಿನಂತೆ ಇತ್ತು.

ಗುಮಾಸ್ತ ಎಣಿಸಿದ. ಒಂಬತ್ತು ಎಂದ. ಸಹಾಯಕ ಆಯುಕ್ತರು ಇನ್ನೊಮ್ಮೆ ಎಣಿಸಲು ಹೇಳಿದರು.

ಪಾಟೀಲ ಎತ್ತಿದ ಕೈ ಇಳಿಸದೆ ತಿರುಗಿ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ದಿಗಿಲು.

“ಭಂಡಾರ ಎತ್ತೀದಿ ನೀ,” ಎಂದ ಸಣ್ಣ ದನಿಯಲ್ಲಿ.

“ಎತ್ತೇನಿ. ಅದಕ್ಕೇ.”

ಮಾತಾಡಬಾರದೆಂದು ಸಹಾಯಕ ಆಯುಕ್ತರು ಗದರಿಸಿದರು. ಎರಡನೆಯ ಎಣಿಕೆಯೂ ಒಂಬತ್ತೇ ಆಯಿತು. ನಿರ್ಣಯ ಬಿದ್ದುಹೋಯಿತು ಎಂದು ಬರೆಸಿ, ಎಲ್ಲರ ಸಹಿ ಹಾಕಿಸಿಕೊಂಡು ಅವರು ಜೀಪು ಹತ್ತಿದರು. ಬಿದ್ದ ನಿರ್ಣಯವನ್ನು ಸದ್ಯಕ್ಕೆ ಮತ್ತೆ ತರಲು ಕಾನೂನು ಬಿಡುವುದಿಲ್ಲ. ಕೌಸಲ್ಯಾಬಾಯಿ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತಳು. ಯಾರೋ ಅವಳ ಮುಂದೆ ಪೇಢಾದ ಡಬ್ಬಿ ತೆರೆದರು. ಮೊದಲ ಪೇಢಾವನ್ನು ಅವಳು ಧಮ್ಮಪಾಲನ ಕಡೆ ಚಾಚಿದಳು.

“ನೀ ನಮ್ಮಂವ ಅಂತ ನಂಗ ಗೊತ್ತಿತ್ತು. ತಗೋ, ಬಾಯಿ ಸಿಹಿ ಮಾಡ್ಕೋ.”

“ನಿಮಗ ಬಿದ್ದ ಓಟಲ್ಲ ಅದು, ಕೌಸಲ್ಯಾಬಾಯಿ. ನೀವು ಇವತ್ತು ಇಳದಿದ್ರ ನಾ ಪೇಢಾ ಹಂಚ್ತಿದ್ದೆ. ಮುಂದಿನ ಸಭಾದಾಗ ಭೀಮನಗರದ ನಳ ಕೇಳಾಂವ ಇದ್ದೇನಿ.”

ಅವಳು ಪೇಢಾವನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿದಳು. “ಕೇಳು. ಕೇಳ್ಕೋತ ಇರು. ಕೇಳೋರ್ನ ನಾ ಯಾವತ್ತರ ಬ್ಯಾಡ ಅಂದೇನೇನು?”

ಹೊರಗೆ ಕಟ್ಟೆಯ ಹತ್ತಿರ ಪಾಟೀಲನ ಸುತ್ತ ಜನ ಸೇರಿದ್ದರು. ಹೊಡೆಯೋಣ ಎಂದು ಒಂದಿಬ್ಬರು ಮುಂದೆ ಬಂದರು. ಅಂಗಡಿಗೆ ಕೆಲಸ ಹೋಗದಂತೆ ಮಾಡೋಣ, ಯಾರೂ ಅವನಲ್ಲಿ ಮೋಟರ್ ಕಟ್ಟಿಸಬಾರದು ಎಂದು ಇನ್ನೊಬ್ಬ. ಪಾಟೀಲ ಎಲ್ಲರನ್ನೂ ತಡೆದ. ಅವನ ದಿಗಿಲು ಇಳಿದು, ಮುಖ ಮತ್ತೆ ಮೊದಲಿನಂತಾಗಿತ್ತು. ಕೇಳಿದವರಿಗೆಲ್ಲ ಕೇಳುವಂತೆ ಹೇಳಿದ.

“ಯಾರೂ ಕೈ ಹಚ್ಚಬ್ಯಾಡ್ರಿ. ನಾವು ಏನೂ ಮಾಡೋದು ಬೇಕಾಗಿಲ್ಲ. ಸುಮ್ಕ ಕೂತು ನೋಡ್ರಿ. ಭಂಡಾರ ಎಂದೂ ಸಾಲ ಇಟ್ಕೊಂಡಿಲ್ಲ.”

ಧಮ್ಮಪಾಲ ಅವರ ನಡುವೆಯೇ ಹಾದು ಮೆಟ್ಟಿಲಿಳಿದ. ಯಾರೂ ಮುಟ್ಟಲಿಲ್ಲ. ಅಯ್ಯುಬ ಒಬ್ಬನೇ ಸ್ವಲ್ಪ ದೂರ ಜೊತೆಗೆ ಬಂದು, ಜುಬಾನ್ ಕೊಟ್ಟು ತಪ್ಪಿದೆಯಲ್ಲ ಭಾಯಿ, ನನಗೆ ಅದು ಸೇರಲಿಲ್ಲ ಎಂದು ಹೇಳಿ ತನ್ನ ಓಣಿಗೆ ತಿರುಗಿದ. ಅರಿಶಿಣಕ್ಕಿಂತ ಮೊದಲು ಕೊಟ್ಟ ಮಾತೊಂದು ಇತ್ತು, ಅದೂ ಅದರ ಜೊತೆಗೇ ಹೋಗಿತ್ತು.

ಭೀಮನಗರದಲ್ಲಿ ಯಾರೂ ಹಾರ ಹಾಕಲಿಲ್ಲ. ನಳ ಬರುತ್ತದೆಂದು ಕಾದಿದ್ದ ಮನೆಗಳಲ್ಲಿ ಕೆಲವು ಬಾಗಿಲು ಅವನು ಹಾದಾಗ ಮುಚ್ಚಿಕೊಂಡವು. ವಿಹಾರದ ಕಟ್ಟೆಯ ಮೇಲಿದ್ದ ಸುಶೀಲಕುಮಾರ ಮಾತ್ರ ಎದ್ದು ನಿಂತರು. ಮನೆಯಲ್ಲಿ ಪ್ರಣಾಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ತಲೆ ಎತ್ತಿ ನೋಡಿ, ಊಟಕ್ಕೆ ಏಳ್ರಿ ಎಂದಳು. ಆ ವಾರದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಮೆತ್ತಗಿನ ಮಾತು ಅದು.

ಸಖುಬಾಯಿ ಊಟಕ್ಕೆ ಬಿಡಲಿಲ್ಲ. ಮೂಲೆಯಲ್ಲಿದ್ದ ಸ್ಟೀಲಿನ ಕೊಡ ತಂದು ಮಗನ ಮುಂದಿಟ್ಟಳು.

“ಮನ್ಯಾಗ ನೀರಿಲ್ಲ,” ಎಂದಳು. “ನಂದು ಮಂಡಿ ನೋಯ್ಲತ್ತದ.”

ಧಮ್ಮಪಾಲ ಕೊಡ ಹಿಡಿದು ಮೆಟ್ಟಿಲು ಹತ್ತಿದ. ಗಂಡಸು ಕೊಡ ಹಿಡಿದು ಬರುವುದನ್ನು ಆ ಬಜಾರು ನೋಡಿರಲಿಲ್ಲ. ಕಟ್ಟೆಯ ಮೇಲಿನವರು ತಿರುಗಿ ಕೂತರು. ನಳದ ಹತ್ತಿರ ಇದ್ದ ಹೆಂಗಸರು ಅವನಿಗೆ ದಾರಿ ಬಿಡಲಿಲ್ಲ. ಬಜಾರಿನ ಕೊಡಗಳು ತುಂಬುವವರೆಗೆ ಅವನೂ ನಿಂತ, ಅವ್ವ ನಿಲ್ಲುತ್ತಿದ್ದ ಜಾಗದಲ್ಲೇ. ತುಂಬಿದ ಕೊಡವನ್ನು ಭುಜಕ್ಕೇರಿಸಿ ತಿರುಗಿದಾಗ ಅವನಿಗೆ ಮೆಟ್ಟಿಲುಗಳು ಮೇಲಿನಿಂದ ಕಂಡವು. ಹತ್ತುವಾಗ ಗಮನಿಸಿರಲಿಲ್ಲ. ಎಷ್ಟೋ ವರ್ಷ ಕೊಡಗಳಿಂದ ತುಳುಕಿದ ನೀರು ಕುಡಿದು ಕಲ್ಲುಗಳು ಪಾಚಿ ಹಿಡಿದು, ನುಣುಪಾಗಿ, ಹೊಳೆಯುತ್ತಿದ್ದವು.

ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಮೆಟ್ಟಿಲ ತಲೆಗೆ ಬಂದು ನಿಂತರು. ಪಾಟೀಲನೂ ಬಂದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು.

“ಹುಷಾರ್ ತಮ್ಮಾ,” ಎಂದ ಪಾಟೀಲ, ಅಕ್ಕರೆಯ ದನಿಯಲ್ಲಿ. “ಕಲ್ಲು ಜಾರ್ತಾವ.”

ಈ ಮೆಟ್ಟಿಲುಗಳ ಮೇಲೆ ಭೀಮನಗರದ ಎಷ್ಟೋ ಹೆಂಗಸರು ಜಾರಿ ಬಿದ್ದಿದ್ದರು. ಆಗೆಲ್ಲ ಜಾರಿದ್ದು ಕಲ್ಲು. ತಾನು ಬಿದ್ದರೆ ಕಲ್ಲಿನ ಹೆಸರನ್ನು ಯಾರೂ ಎತ್ತುವುದಿಲ್ಲ, ಭಂಡಾರದ ಹೆಸರನ್ನೇ ಎತ್ತುತ್ತಾರೆಂದು ಧಮ್ಮಪಾಲನಿಗೆ ಗೊತ್ತಿತ್ತು. ಇಂದು ಬೀಳಬಾರದು, ನಾಳೆಯೂ ಬೀಳಬಾರದು; ಜ್ವರ ಬರಬಾರದು, ಕೆಮ್ಮಬಾರದು, ಬೈಕು ಪಂಕ್ಚರ್ ಆಗಬಾರದು. ಅವನು ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗಾಲಿನ ಹೆಬ್ಬೆರಳಿನಿಂದ ಮೊದಲ ಕಲ್ಲನ್ನು ಮುಟ್ಟಿ ನೋಡಿ, ಆಮೇಲೆ ಪಾದ ಊರಿದ.